ರೆಜಿಸ್ ಅಲೊಜೆಯ ಎಡಗೈ ಗವಸು

ರೆಜಿಸ್ ಅಲೊಜೆ ಹದಿನಾಲ್ಕನೆಯ ವಯಸ್ಸಿನಿಂದ ಎಪ್ಪತ್ತಾರರವರೆಗೆ ಕೈಗವಸು ಕತ್ತರಿಸಿದ. ಕೈಗವಸಿಗೇ ಹೆಸರಾದ ನಮ್ಮ ಮಿಯೊ ಊರಿನಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ. ಅವನ ಕಾಲದಲ್ಲಿ ನಮ್ಮ ಬೀದಿಯ ಎರಡು ಮನೆಗೊಬ್ಬ ಗಂಡಸು ಚರ್ಮ ಕತ್ತರಿಸುತ್ತಿದ್ದ, ಹೆಂಡತಿ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದಳು. ನಾನು ಮೂವತ್ತೊಂದು ವರ್ಷ ಊರಿನ ಮ್ಯೂಸಿಯಂ ನೋಡಿಕೊಂಡೆ. ಅದರ ಹಿಂಬಾಗಿಲು ತೆರೆಯುವುದು ರೆಜಿಸ್‌ನ ಅಂಗಡಿಯ ಓಣಿಗೆ. ಗಾಜಿನ ಹಿಂದಿನ ಹಳೆಯ ಗವಸುಗಳಿಗೆ ನಾನು ಬರೆದಿಟ್ಟ ವಿವರದ ಚೀಟಿಗಳಲ್ಲಿ ಅರ್ಧದಷ್ಟನ್ನು ಅವನು ತಿದ್ದಿದ್ದಾನೆ, ನಾನು ಕೇಳದೆಯೇ. ಪ್ರತಿ ಸಲವೂ ಅವನೇ ಸರಿ ಇದ್ದ. ಅದಕ್ಕಾಗಿ ನಾನು ಅವನಿಗೆ ಋಣಿ, ಆಗ ಎಷ್ಟೇ ಸಿಟ್ಟು ಬಂದಿದ್ದರೂ.

ದೂರದ ಗಿರಾಕಿಗಳು ಹಾಳೆಯ ಮೇಲೆ ಕೈಯಿಟ್ಟು, ಸುತ್ತ ಪೆನ್ಸಿಲ್ ಎಳೆದು, ಅಂಚೆಯಲ್ಲಿ ಅವನಿಗೆ ಕಳಿಸುತ್ತಿದ್ದರು. ಒಬ್ಬರು ಉಂಗುರ ತೆಗೆಯದೆ ಎಳೆಯುತ್ತಾರೆ, ಇನ್ನೊಬ್ಬರು ಪೆನ್ಸಿಲನ್ನು ಓರೆ ಹಿಡಿದು ಬೆರಳನ್ನು ಸೌತೆಕಾಯಿಯಷ್ಟು ದಪ್ಪ ಮಾಡುತ್ತಾರೆ. ರೆಜಿಸ್ ಅವನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಆಮೇಲೆ ಚರ್ಮ ಮುಟ್ಟುತ್ತಿದ್ದ. ನಾಲ್ಕು ಬೆರಳು ನೋಡಿದರೆ ಐದನೆಯದು ಎಷ್ಟಿರಬೇಕು ಎಂದು ಅವನಿಗೆ ಗೊತ್ತು.

೧೯೮೭ರ ಸೆಪ್ಟೆಂಬರಿನಲ್ಲಿ ಲುವಾರ್ ನದಿಯ ಕಡೆಯ ಒಂದು ಊರಿನಿಂದ ಇಂಥ ಲಕೋಟೆ ಬಂತು. ಕಳಿಸಿದವನು ಬರ್ತ್ರಾಂ ಪೆರೊದೊ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಹೆಂಡತಿಗೆ ಕಂದು ಬಣ್ಣದ ಒಂದು ಜೊತೆ ಬೇಕು. ನವೆಂಬರಿನಲ್ಲಿ ಇಬ್ಬರೂ ಮೂರು ದಿನ ನಮ್ಮ ಕಡೆ ತಿರುಗಾಡಲು ಬರುತ್ತಾರೆ, ಆಗ ಕೊಟ್ಟರೆ ಸಾಕು. ಆಕೆಗೆ ಇದು ಗೊತ್ತಿಲ್ಲ. ಅವಳು ಮಧ್ಯಾಹ್ನ ಸೋಫಾದ ಮೇಲೆ ನಿದ್ದೆ ಹೋಗಿದ್ದಾಗ ಗೆರೆ ಎಳೆದೆ, ವಕ್ರವಾಗಿದ್ದರೆ ಕ್ಷಮಿಸಿ. ಇಷ್ಟೇ ಬರೆದಿದ್ದ.

ಹಾಳೆಯಲ್ಲಿ ಎಡಗೈಯ ಉಂಗುರದ ಬೆರಳು ಮೊದಲ ಗೆಣ್ಣಿಗೇ ನಿಂತಿತ್ತು.

"ಇಲ್ಲಿ ಹೆಂಡ್ತಿ ಮಗ್ಗುಲು ಬದಲಾಯಿಸಿರ್ಬೇಕು, ಗಂಡ ಪೆನ್ಸಿಲ್ ಬಿಸಾಕಿ ಓಡಿದಾನೆ" ಎಂದು ರೆಜಿಸ್ ನಕ್ಕ. ಕೆಂಪು ಪೆನ್ಸಿಲ್ ತೆಗೆದುಕೊಂಡು ಬೆರಳನ್ನು ಪೂರ್ತಿ ಮಾಡಿದ.

ಹೊಲಿಯಬೇಕಾದ ಅವನ ಹೆಂಡತಿ ನೊಯೆಲಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ಒಂದು ಫೋನ್ ಮಾಡಿ ಕೇಳ್ಬಾರ್ದಾ?"

"ಫೋನ್ ಮಾಡಿದ್ರೆ ಅವಳೇ ಎತ್ತಿದ್ರೆ? ಗುಟ್ಟು ಹಾಳು. ಈ ಬೆರಳು ತೋರುಬೆರಳಿಗೆ ಸಮ ಇರತ್ತೆ ಕಣೇ, ಕೇಳೋದೇನಿದೆ?"

ಇದನ್ನು ನೊಯೆಲಿ ನನಗೆ ಆಮೇಲೆ ಹೇಳಿದ್ದು. ಹೇಳುವಾಗ ಗಂಡ ಎದುರಿಗೇ ಇದ್ದ, ಅವನ ಕಿವಿಗೆ ಬೀಳಲೆಂದೇ ಹೇಳಿದಳು.

ನವೆಂಬರಿನ ಎರಡನೆಯ ಶನಿವಾರ ಬೆಳಿಗ್ಗೆ ಆ ದಂಪತಿ ಮ್ಯೂಸಿಯಂಗೆ ಬಂದರು. ಬರ್ತ್ರಾಂ ಕೈಯಲ್ಲಿ ಚೌಕುಳಿ ಹಾಳೆಯ ಮೇಲೆ ಬರೆದ ಕಾರ್ಯಕ್ರಮವಿತ್ತು: ಹತ್ತಕ್ಕೆ ಮ್ಯೂಸಿಯಂ, ಹನ್ನೊಂದೂವರೆಗೆ ಗವಸಿನ ಅಂಗಡಿ, ಮಧ್ಯಾಹ್ನ ಕುಂಬಾರ, ನಾಳೆ ಬೆಳಿಗ್ಗೆ ಕುರಿಗಳು, ಸಂಜೆಗೆ ಊರಿಗೆ. ಹೆಂಡತಿ ಕ್ಲೊತಿಲ್ದ್‌ಗೆ ಸುಮಾರು ನಲವತ್ತು ವರ್ಷ, ನೇರ ಬೆನ್ನು, ಮಾತು ಕಡಿಮೆ. ನನಗೆ ಇಷ್ಟವಾದಳು. ಎಡಗೈ ಕೋಟಿನ ಜೇಬಿನಲ್ಲಿತ್ತು. ಒಳಗೆ ಹೀಟರಿನ ಬಿಸಿ ಇದ್ದರೂ, ಕೋಟಿನ ಗುಂಡಿ ಬಿಚ್ಚಿದರೂ, ಆ ಕೈ ಹೊರಗೆ ಬರಲಿಲ್ಲ. ಗವಸು ಇಸ್ತ್ರಿ ಮಾಡುವ ಹಿತ್ತಾಳೆಯ ಕೈಗಳ ಸಾಲಿನ ಮುಂದೆ ಆಕೆ ಬಹಳ ಹೊತ್ತು ನಿಂತಳು.

"ಎಲ್ಲಾ ಒಂದೇ ಥರ ಇವೆ" ಎಂದಳು.

"ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲವೇ" ಎಂದೆ.

ನನಗೂ ರೆಜಿಸ್‌ನ ಹತ್ತಿರ ಒಂದು ಚೀಟಿಯ ವಿಷಯ ಕೇಳುವುದಿತ್ತು. ಹಿಂಬಾಗಿಲಿನಿಂದ ಅವರನ್ನು ಕರೆದುಕೊಂಡು ಹೋದೆ. ಹಾಗಾಗಿ ಮುಂದಿನದನ್ನು ನಾನೇ ಕಣ್ಣಾರೆ ಕಂಡೆ.

ರೆಜಿಸ್ ಪೆಟ್ಟಿಗೆ ತೆರೆದಿಟ್ಟ. ಚೆಸ್ಟ್‌ನಟ್ ಕಾಯಿಯ ಕಂದು ಬಣ್ಣ, ಒಳಗೆ ರೇಷ್ಮೆ. ಕ್ಲೊತಿಲ್ದ್ ಗಂಡನ ಮುಖ ನೋಡಿದಳು. ಅವನು ಕಿವಿಯವರೆಗೆ ಕೆಂಪಾಗಿದ್ದ. ಬಲಗೈಯದು ಚರ್ಮಕ್ಕೆ ಚರ್ಮ ಅಂಟಿದಂತೆ ಕೂತಿತು. ಎಡಗೈಯನ್ನು ಆಕೆ ಜೇಬಿನಿಂದ ತೆಗೆದು, ನಮಗೆ ಬೆನ್ನು ತಿರುಗಿಸಿ, ಗವಸು ಹಾಕಿಕೊಂಡಳು. ಮತ್ತೆ ನಮ್ಮ ಕಡೆ ತಿರುಗಿದಾಗ ಗವಸಿನ ಉಂಗುರದ ಬೆರಳು ಮೊದಲ ಗೆಣ್ಣಿನಿಂದ ತುದಿಯವರೆಗೆ ಚಪ್ಪಟೆಯಾಗಿ ಜೋತುಬಿದ್ದಿತ್ತು.

ರೆಜಿಸ್‌ಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಆ ಮನುಷ್ಯನ ಮುಖದಲ್ಲಿ ನಾಚಿಕೆಯನ್ನು ನಾನು ನೋಡಿದ್ದು ಅದೊಂದೇ ಸಲ.

ಕ್ಲೊತಿಲ್ದ್ ಎರಡೂ ಗವಸು ತೆಗೆದು ನೀಟಾಗಿ ಪೆಟ್ಟಿಗೆಯಲ್ಲಿಟ್ಟಳು. ಕೈ ಜೇಬಿಗೆ ಹೋಯಿತು. "ತುಂಬ ಚೆನ್ನಾಗಿವೆ ಸರ್, ಥ್ಯಾಂಕ್ಸ್. ಹೋಗೋಣ ಬರ್ತ್ರಾಂ, ಕುಂಬಾರರು ಕಾಯ್ತಿರ್ತಾರೆ."

ಒಳಗಿನ ಕೋಣೆಯಿಂದ ನೊಯೆಲಿ ಹೊರಗೆ ಬಂದಳು. "ಫೋನ್ ಮಾಡು ಅಂದೆ. ಮಾಡ್ದಾ? ಈ ಮುದುಕನಿಗೆ ದೇವರು ಕೊಟ್ಟ ಕೈಯೂ ಸಾಲಲ್ಲ, ಅದನ್ನೂ ತಿದ್ಬೇಕು."

"ತಪ್ಪು ನಂದು" ಎಂದ ಬರ್ತ್ರಾಂ. "ಬರೀಬೇಕಾಗಿತ್ತು. ಮೂರು ಸಲ ಕೂತೆ, ಆ ಒಂದು ಸಾಲು ಬರಿಯೋಕಾಗ್ಲಿಲ್ಲ."

"ಸುಮ್ನಿರಿ ಸ್ವಾಮಿ. ಗೆರೆ ನೀವು ಸರಿಯಾಗೇ ಎಳೆದಿದ್ರಿ" ಎಂದ ರೆಜಿಸ್. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕ್ಲೊತಿಲ್ದ್ ಕಡೆ ತಿರುಗಿದ. "ಮದಾಮ್, ಇದನ್ನ ನೀವು ತಗೊಂಡು ಹೋಗೋ ಹಾಗಿಲ್ಲ. ಕೈಗೆ ಕೂರದ ಗವಸು ಈ ಬಾಗಿಲು ದಾಟಿಲ್ಲ. ನಾಳೆ ಮಧ್ಯಾಹ್ನದೊಳಗೆ ಬೇರೆ ಎಡಗೈ ಮಾಡಿಕೊಡ್ತೀನಿ."

"ಬೇಡ. ಇನ್ನೊಂದು ಸಲ ಹಾಕಿ ನೋಡೋ ಧೈರ್ಯ ನನಗಿಲ್ಲ" ಎಂದಳು ಆಕೆ. ದನಿಯಲ್ಲಿ ಏರಿಳಿತವಿರಲಿಲ್ಲ. "ನಾಳೆ ಹೊರಟ ಮೇಲೆ ಈ ಕಡೆ ಮತ್ತೆ ಬರೋಳೂ ಅಲ್ಲ ನಾನು."

ರೆಜಿಸ್ ಪೆಟ್ಟಿಗೆಯಿಂದ ಎಡಗೈ ಗವಸನ್ನು ಎತ್ತಿಕೊಂಡ. "ಯುದ್ಧ ಮುಗಿದ ಮೇಲೆ ನಮ್ಮಪ್ಪ ಸಿಪಾಯಿಗಳಿಗೆ ಮಾಡ್ತಿದ್ದ. ಇಲ್ಲದ ಬೆರಳಿಗೆ ಉಣ್ಣೆ ತುಂಬೋದು. ನೋಡಿದೋರಿಗೆ ಗೊತ್ತಾಗಲ್ಲ. ಅದು ಬೇಕಂದ್ರೆ ಇದಕ್ಕೇ ಅರ್ಧ ಗಂಟೆಯಲ್ಲಿ ಮಾಡ್ತೀನಿ."

"ಯಾರಿಗೂ ಗೊತ್ತಾಗದ ಹಾಗೆ ಹನ್ನೊಂದು ವರ್ಷ ಜೇಬಲ್ಲಿ ಇಟ್ಕೊಂಡಿದೀನಿ. ಉಣ್ಣೆ ಬೇರೆ ಯಾಕೆ?"

"ಹಾಗಾದ್ರೆ ಕೈ ಹೊರಗೆ ತೆಗೀರಿ" ಎಂದ ರೆಜಿಸ್. "ಕೈ ನೋಡದೆ ಕತ್ತರಿಸಿ ಕೆಟ್ಟೆ. ಈ ಸಲ ನೋಡಿ ಕತ್ತರಿಸ್ತೀನಿ."

ನೊಯೆಲಿ ಕಿಟಕಿಯ ಬಳಿ ಕುರ್ಚಿ ಎಳೆದಳು. "ಕೂತ್ಕೋ ತಾಯಿ. ಕುಂಬಾರ ಎಲ್ಲೂ ಓಡಿ ಹೋಗಲ್ಲ, ಅವನ ಮಡಕೆಗಳನ್ನ ನಾನು ಕಂಡಿದೀನಿ. ನೀನು ಹೋಗದಿದ್ರೆ ನಷ್ಟ ಏನಿಲ್ಲ."

ಕ್ಲೊತಿಲ್ದ್ ನಗಲಿಲ್ಲ. ಆದರೆ ಕೂತಳು. ಕೈಯನ್ನು ಮೇಜಿನ ಮೇಲೆ ಇಟ್ಟಳು.

ರೆಜಿಸ್ ಅಳತೆಪಟ್ಟಿ ತೆಗೆದು ಕೈಯ ಸುತ್ತ, ಪ್ರತಿ ಬೆರಳಿನ ಸುತ್ತ ಅಳೆದ. ಮೋಟು ಬೆರಳಿಗೆ ಬಂದಾಗ ಅವನು ನಿಧಾನಿಸಲೂ ಇಲ್ಲ, ಅವಸರಿಸಲೂ ಇಲ್ಲ. ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಕೇಳಿದ: "ಇಲ್ಲಿ ಹೊಲಿಗೆ ತಾಗಿದ್ರೆ ನೋಯತ್ತಾ?"

"ನೋಯತ್ತೆ."

"ಚಳಿಗೆ?"

"ಚಳಿಗೆ ಜಾಸ್ತಿ. ಸೂಜಿ ಚುಚ್ಚಿದ ಹಾಗೆ. ಜೇಬಲ್ಲಿದ್ರೆ ಸ್ವಲ್ಪ ವಾಸಿ."

"ಒಂದು ದಿನವೂ ಹೇಳಲಿಲ್ವಲ್ಲ" ಎಂದ ಬರ್ತ್ರಾಂ. "ನಾನು ಅಂದ್ಕೊಂಡಿದ್ದೆ... ನಾಚಿಕೆಗೆ ಅಂತ."

"ನಾಚಿಕೆಯೂ ಇತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಆಮೇಲೆ ಆಕೆಯೇ ನಾಲ್ಕು ಮಾತಿನಲ್ಲಿ ಹೇಳಿದಳು. ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದ ಮುಂದೆ ಕೆಲಸ. ಉಂಗುರ ಸಿಕ್ಕಿಕೊಂಡಿತು. ಉಂಗುರ ಸಿಕ್ಕಿತು, ಬೆರಳು ಸಿಗಲಿಲ್ಲ. ನೊಯೆಲಿ ತನ್ನ ಎಡಗೈ ತೋರುಬೆರಳನ್ನು ತೋರಿಸಿದಳು. ಹೊಲಿಗೆ ಯಂತ್ರದ ಸೂಜಿ ಉಗುರಿನ ಮೂಲಕ ಮೂರು ಸಲ ಹಾದುಹೋಗಿ ಅದು ಸೊಟ್ಟಗಾಗಿದೆ. ಇಬ್ಬರೂ ತಮ್ಮ ತಮ್ಮ ಯಂತ್ರಗಳನ್ನು ಬೈದುಕೊಂಡರು. ಪರಿಚಯ ಬೆಳೆಯಲು ಅದು ಸಾಕಾಯಿತು.

ಸಾಮಾನ್ಯ ಗವಸಿನ ಬೆರಳಿಗೆ ಹೊಲಿಗೆ ತುದಿಯನ್ನು ಬಳಸಿ ಹೋಗುತ್ತದೆ. ಈ ಬೆರಳಿಗೆ ಹಾಗಾಗುವಂತಿಲ್ಲ. ತುದಿಯ ಚರ್ಮವನ್ನು ಅಂಗೈ ಕಡೆಯಿಂದಲೇ ಉದ್ದ ಬಿಟ್ಟು, ಮಡಿಸಿ, ಹೊಲಿಗೆಯನ್ನು ಬೆರಳಿನ ಬೆನ್ನಿಗೆ ತರಬೇಕು ಎಂದು ರೆಜಿಸ್ ತೀರ್ಮಾನಿಸಿದ. ಚರ್ಮ ಕತ್ತರಿಸಲು ಬಳಸುವ ಕಬ್ಬಿಣದ ಅಚ್ಚು ಅಂಥ ಆಕಾರದ್ದು ಯಾರಲ್ಲೂ ಇಲ್ಲ. ಕತ್ತರಿಯಲ್ಲೇ ಕತ್ತರಿಸಬೇಕು. "ನೀನು ಕತ್ತರಿಯಲ್ಲಿ ಗವಸು ಕತ್ತರಿಸಿ ನಲವತ್ತು ವರ್ಷ ಆಯ್ತು" ಎಂದಳು ನೊಯೆಲಿ. "ನೀನು ಬೆನ್ನ ಮೇಲೆ ತುದಿ ಹೊಲಿದು ಎಷ್ಟು ವರ್ಷ ಆಯ್ತು?" ಎಂದ. "ಹೊಲಿದೇ ಇಲ್ಲ" ಎಂದಳು.

ಅದೇ ಬಣ್ಣ ಬಂದ ಇನ್ನೊಂದು ಚರ್ಮ ಮೊದಲ ಜೊತೆಗೆ ಬಿಚ್ಚಿದ ಕಟ್ಟಿನಲ್ಲಿ ಉಳಿದಿತ್ತು. ಅದನ್ನು ರೆಜಿಸ್ ರಾತ್ರಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ಮರುದಿನ ಬೆಳಿಗ್ಗೆ ಮೇಜಿನ ಅಂಚಿಗೆ ಹಾಕಿ ಹಿಗ್ಗಿಸಲು ಶುರುಮಾಡುವ ಹೊತ್ತಿಗೆ ದಂಪತಿ ಬಾಗಿಲಲ್ಲಿ ನಿಂತಿದ್ದರು, ನಾನೂ ಬಂದಿದ್ದೆ. ಬರ್ತ್ರಾಂನ ಚೌಕುಳಿ ಹಾಳೆ ಆಗಲೇ ಜೇಬು ಸೇರಿತ್ತು.

"ಮದಾಮ್, ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗಿ" ಎಂದು ರೆಜಿಸ್ ನನಗೆ ಹೇಳಿದ. "ಎದುರಿಗೆ ಕೂತು ನೋಡ್ತಿದ್ರೆ ಮತ್ತೊಂದು ಬೆರಳು ಸೇರಿಸಿಬಿಟ್ಟೇನು."

ನನ್ನ ಕಾರಿನಲ್ಲಿ ಅವರನ್ನು ಮೇಲಿನ ಬಯಲಿಗೆ ಕರೆದುಕೊಂಡು ಹೋದೆ. ಅಲ್ಲಿ ಕಲ್ಲು, ಗಾಳಿ ಮತ್ತು ಕುರಿ ಬಿಟ್ಟರೆ ಬೇರೇನಿಲ್ಲ. ಅಷ್ಟಕ್ಕೇ ಜನ ಬರುತ್ತಾರೆ. ಪರಿಚಯದ ಒಂದು ದೊಡ್ಡಿಯಲ್ಲಿ ಮರಿ ಹಾಕುವ ಕಾಲ. ಒಡತಿ ಎರಡು ದಿನದ ಮರಿಯೊಂದನ್ನು ಕ್ಲೊತಿಲ್ದ್ ತೋಳಿಗೆ ಕೊಟ್ಟಳು. ಅದನ್ನು ಹಿಡಿಯಲು ಎರಡೂ ಕೈ ಬೇಕು.

"ನನ್ನ ಗವಸು ಇದರ ಚರ್ಮವಾ?" ಎಂದು ನನ್ನನ್ನು ಕೇಳಿದಳು.

"ಇದರದಲ್ಲ. ಇಂಥದೇ ಇನ್ನೊಂದರದು. ಹಾಲು ಚೀಸಿಗೆ ಹೋಗುತ್ತದೆ, ಗಂಡುಮರಿ ಮಾಂಸಕ್ಕೆ, ಚರ್ಮ ನಮ್ಮ ಊರಿಗೆ."

ಆಕೆ ಮರಿಯ ತಲೆ ನೇವರಿಸಿದಳು. "ಇವತ್ತು ಥ್ಯಾಂಕ್ಸ್ ಹೇಳ್ಬೇಕಾದೋರ ಪಟ್ಟಿ ಉದ್ದ ಆಗ್ತಿದೆ" ಎಂದಳು.

ಹನ್ನೆರಡೂವರೆಗೆ ಹಿಂದಿರುಗಿದೆವು. ನೊಯೆಲಿ ಕಡೆಯ ಹೊಲಿಗೆ ಹಾಕಿ ದಾರ ಕತ್ತರಿಸಿದ್ದಳು. ರೆಜಿಸ್ ಗವಸನ್ನು ಬಿಸಿ ಹಿತ್ತಾಳೆಯ ಕೈಗೆ ಏರಿಸಿ ಇಸ್ತ್ರಿ ಮಾಡಲು ಹೋದ. ಆದರೆ ಹಿತ್ತಾಳೆಯ ಕೈಗೆ ಐದೂ ಬೆರಳು ಪೂರ್ತಿ ಇದ್ದವು. ಹೊಸ ಗವಸು ಅದಕ್ಕೆ ಏರಲಿಲ್ಲ. ಅವನು ಜೋರಾಗಿ ನಕ್ಕ. "ನೋಡಿ ಮದಾಮ್, ಈ ಊರಲ್ಲಿ ಇದಕ್ಕೆ ಸರಿಹೋಗೋ ಕೈ ಒಂದೇ ಇರೋದು. ಅದರ ಮೇಲೇ ಇಸ್ತ್ರಿ ಆಗ್ಬೇಕು."

ಹಾಗೇ ಆಯಿತು. ಕ್ಲೊತಿಲ್ದ್ ಗವಸು ಹಾಕಿಕೊಂಡು ಅಂಗಡಿಯ ಹಿಂದಿನ ಅಡುಗೆಮನೆಯ ಮೇಜಿನ ಮೇಲೆ ಕೈಯಿಟ್ಟಳು. ತೇವದ ಚರ್ಮ ಮೈಯ ಬಿಸಿಗೆ ಆರಿ ಆಕಾರಕ್ಕೆ ಬರುವವರೆಗೆ ಅಲುಗಾಡಬಾರದು. ಒಂದು ಗಂಟೆ. ಆ ಗಂಟೆಯಲ್ಲಿ ನಾವು ಸೂಪು ಕುಡಿದೆವು, ಬ್ರೆಡ್ಡು ಚೀಸು ತಿಂದೆವು. ಆಕೆಯ ಬ್ರೆಡ್ಡನ್ನು ಬರ್ತ್ರಾಂ ಕತ್ತರಿಸಿ ಕೊಟ್ಟ. ಎಲ್ಲರ ತಟ್ಟೆಗಳ ನಡುವೆ ಆ ಎಡಗೈ ಇತ್ತು, ಎಲ್ಲರೂ ಅದರ ಮೇಲಿಂದಲೇ ಉಪ್ಪು ದಾಟಿಸಿದರು.

"ತುದಿ ಹೇಗಿದೆ?" ಎಂದು ರೆಜಿಸ್ ಕೇಳಿದ.

ಆಕೆ ಬೆರಳುಗಳನ್ನು ಮಡಿಸಿ ಬಿಚ್ಚಿದಳು. "ಏನೂ ಗೊತ್ತಾಗ್ತಿಲ್ಲ" ಎಂದಳು. ಆಮೇಲೆ, "ಗೊತ್ತಾಗದೇ ಇರೋದು ಎಷ್ಟು ಸುಖ ಅಂತ ಮರೆತೇಹೋಗಿತ್ತು. ಥ್ಯಾಂಕ್ಸ್ ರೆಜಿಸ್."

"ನೀವಲ್ಲ, ನಾನು ಹೇಳ್ಬೇಕು" ಎಂದ ಅವನು. "ಬೇರೆ ಯಾರಾದ್ರೂ ಆಗಿದ್ರೆ ನಿನ್ನೆಯೇ ಬಾಗಿಲು ಬಡಿದು ಹೋಗ್ತಿದ್ರು. ನೀವು ಕೂತ್ರಿ, ಕೈ ತೋರಿಸಿದ್ರಿ. ಇಲ್ಲದಿದ್ರೆ ಈ ತಪ್ಪನ್ನ ಇಟ್ಕೊಂಡೇ ನಾನು ಸಾಯ್ಬೇಕಿತ್ತು."

"ಸಾಯೋದೆಲ್ಲ ಆಮೇಲೆ, ಮೊದಲು ಪಾತ್ರೆ ತೊಳಿ" ಎಂದಳು ನೊಯೆಲಿ.

ಅವರನ್ನು ಕಾರಿನವರೆಗೆ ಬಿಡಲು ನಾವು ಮೂವರೂ ಹೊರಟೆವು. ಮೂಲೆಯಲ್ಲಿ ಮಾಂಸದಂಗಡಿಯ ಜೆರ್ಮೇನ್ ಸಿಕ್ಕಳು. ಅವಳೂ ಹಿಂದೆ ಹೊಲಿಗೆಯವಳೇ. ಹೊಸ ಗವಸು ಕಂಡರೆ ನಮ್ಮ ಊರಿನವರು ಕೇಳದೆಯೇ ಕೈ ಹಿಡಿದು ನೋಡುತ್ತಾರೆ. ಜೆರ್ಮೇನ್ ನೇರವಾಗಿ ಕ್ಲೊತಿಲ್ದ್‌ಳ ಎಡಗೈ ಹಿಡಿದು, ಬೆಳಕಿಗೆ ತಿರುಗಿಸಿ, ಮೋಟು ಬೆರಳನ್ನು ಎರಡು ಬೆರಳ ನಡುವೆ ಹಿಡಿದಳು. ಬರ್ತ್ರಾಂ ತಡೆಯಲು ಮುಂದೆ ಬಂದ.

"ಅಯ್ಯೋ, ತುದಿಯಲ್ಲಿ ಹೊಲಿಗೆನೇ ಇಲ್ವಲ್ಲೇ ನೊಯೆಲಿ! ಬೆನ್ನ ಮೇಲೆ ತಂದಿದೀಯಾ? ಹೇಗೆ ಮಾಡ್ದೆ?" ಎಂದು ಜೆರ್ಮೇನ್ ಚರ್ಮವನ್ನು ಹಿಗ್ಗಿಸಲು ಹೋದಳು.

"ಎಳೀಬೇಡಿ, ಇನ್ನೂ ಪೂರ್ತಿ ಆರಿಲ್ಲ" ಎಂದಳು ಕ್ಲೊತಿಲ್ದ್. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜೆರ್ಮೇನ್‌ಗೆ ಸರಿಯಾಗಿ ಕಾಣಲೆಂದು ಇನ್ನಷ್ಟು ಮುಂದಕ್ಕೆ ಚಾಚಿ, ಬೆರಳು ಬೆರಳಾಗಿ ಬಿಡಿಸಿ ತೋರಿಸಿದಳು.