ಸಾಕು ಅನ್ನದ ಚೈನ್‌ಕೇಸು

ಎಣ್ಣೆಯ ವಿಷಯದಲ್ಲಿ ನನ್ನನ್ನು ಯಾರೂ ಎದುರು ಹಾಕಿಕೊಳ್ಳುತ್ತಿರಲಿಲ್ಲ. ಒಮಾನಿನ ಸೂರ್ ಪಟ್ಟಣದ ಹೊರಗಿನ ಅನಿಲ ಸ್ಥಾವರದಲ್ಲಿ ಯಾವ ಯಂತ್ರಕ್ಕೆ ಯಾವ ಎಣ್ಣೆ, ಯಾವ ಗ್ರೀಸು ಎಂದು ತೀರ್ಮಾನಿಸುವುದೇ ನನ್ನ ಕೆಲಸ. ಬಾಗಲಕೋಟೆಯಿಂದ ಅಷ್ಟು ದೂರ ಹೋಗಿ ಸಂಪಾದಿಸಿದ ಮರ್ಯಾದೆಯೆಲ್ಲ ಎಣ್ಣೆಯಿಂದಲೇ ಬಂದದ್ದು. ಹಾಗಾಗಿ ನಮ್ಮ ವಿಭಾಗದ ಒಮಾನಿ ಎಂಜಿನಿಯರ್ ಒಂದು ದಿನ ಬಂದು, "ಸ್ನೋಮೊಬೈಲಿನ ಚೈನ್‌ಕೇಸಿಗೆ ಯಾವ ಎಣ್ಣೆ ಸರಿ?" ಎಂದು ಕೇಳಿದಾಗ ನಾನು "ನೋಡಿ ಹೇಳುತ್ತೇನೆ" ಎಂದೆನೇ ಹೊರತು "ಹಾಗೆಂದರೇನು?" ಎಂದು ಕೇಳಲಿಲ್ಲ.

ಆ ಹುಡುಗ ಓದಿದ್ದು ಒಂದು ಚಳಿದೇಶದಲ್ಲಿ. ವಾಪಸು ಬರುವಾಗ ಎಲ್ಲರೂ ಫ್ರಿಜ್ಜು, ಸೋಫಾ ತಂದರೆ ಇವನು ಹಿಮದ ಮೇಲೆ ಓಡಿಸುವ ಗಾಡಿಯನ್ನು ಕಂಟೇನರಿನಲ್ಲಿ ತುಂಬಿಸಿಕೊಂಡು ಬಂದಿದ್ದ. ಮುಂದೆ ಎರಡು ಜಾರುಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ಎಂಜಿನ್ನಿನ ಶಕ್ತಿಯನ್ನು ಆ ಪಟ್ಟಿಗೆ ಮುಟ್ಟಿಸುವ ಸರಪಳಿ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ, ಅದೇ ಚೈನ್‌ಕೇಸು. ನನ್ನ ಹೆಂಡತಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಇದರ ಗಾಲಿ ಯಾರ್ ಕದ್ದಾರ್ರೀ?" ಎಂದು ಕೇಳಿದಳು.

ಹಿಮವೇ ಬೀಳದ ದೇಶದಲ್ಲಿ ಅದನ್ನು ಓಡಿಸುವ ಉಸಾಬರಿ ಯಾಕೆಂದರೆ, ಅವನ ತಂದೆ. ಹರೆಯದಲ್ಲಿ ಹಾಯಿಹಡಗು ಹತ್ತಿ ಬೊಂಬಾಯಿ, ಮಂಗಳೂರು ಎಂದು ತಿರುಗಿದವರು. ಈಗ ಮರಳುಗಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡು ಒಂಟೆ ಸಾಕಿಕೊಂಡಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಸ್ಕತ್ತಿನಲ್ಲಿ ಡಾಕ್ಟರು ಸಿದ್ಧ, ಮಗ ಸಿದ್ಧ, ಮುದುಕರು ಮಾತ್ರ ಜಪ್ಪಯ್ಯ ಎಂದರೂ ಒಪ್ಪರು. "ನನ್ನ ಒಂಟೆಗಳನ್ನು ಮೂಗೇ ಗುರುತಿಸುತ್ತದೆ, ಕಣ್ಣು ಯಾತಕ್ಕೆ?" ಎನ್ನುತ್ತಿದ್ದರಂತೆ. ಇದನ್ನು ಕೇಳಿ ನನ್ನ ಹೆಂಡತಿ, "ಎಣ್ಣಿ ಬಂದಾಗ ಕಣ್ಣ್ ಮುಚ್ಚಿಕೊಂಡಂಗಾತು" ಎಂದು ಲೊಚಗುಟ್ಟಿದಳು. ಕೊನೆಗೆ ಮಗನ ಕಾಟ ತಾಳಲಾರದೆ ಅವರು ಒಂದು ಮಾತು ಕೊಟ್ಟಿದ್ದರು: "ನಿನ್ನ ಆ ಹಿಮದ ಗಾಡಿ ನಮ್ಮ ಮನೆ ಎದುರಿನ ದಿಬ್ಬ ಹತ್ತಲಿ, ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತೇನೆ."

ಗಾಡಿ ನೋಡಲು ಮೊದಲ ಸಲ ಅಲ್ಲಿಗೆ ಹೋದಾಗ ಮುದುಕರು ತಾವೇ ಕಹ್ವಾ ಬಗ್ಗಿಸಿ ಕೊಟ್ಟರು. ಮನೆಗೆ ಬಂದವರಿಗೆ ಆ ಕಾಫಿಯನ್ನು ಬೇರೆಯವರ ಕೈಯಿಂದ ಕೊಡಿಸುವುದು ಅವರಿಗೆ ಒಗ್ಗದು. ಕಿವಿಯಿಲ್ಲದ ಪುಟ್ಟ ಕಪ್ಪು. ತಳ ಮುಚ್ಚುವಷ್ಟೇ ಕಾಫಿ. ಕುಡಿದು ಇಟ್ಟರೆ ಮತ್ತೆ ಬಂತು, ಮತ್ತೆ ಇಟ್ಟರೆ ಮತ್ತೆ ಬಂತು. ಸಾಕಪ್ಪಾ ಎಂದು ನಮ್ಮ ಕಡೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಂತೆ ನಾನು ಕಪ್ಪಿನ ಮೇಲೆ ಅಂಗೈ ಮುಚ್ಚಿದೆ. ಅವರಿಗೆ ಅದು ಕಾಣಲಿಲ್ಲ. ಬಿಸಿಬಿಸಿ ಕಹ್ವಾವನ್ನು ನೇರವಾಗಿ ನನ್ನ ಕೈಮೇಲೆ ಸುರಿದರು. ನಾನು ಹಲ್ಲು ಕಚ್ಚಿ "ಬಹಳ ಚೆನ್ನಾಗಿದೆ ಚಾಚಾ" ಎಂದೆ. ಮಗ ತಲೆ ತಗ್ಗಿಸಿದ. ಹೊರಗೆ ಬಂದ ಮೇಲೆ, ಸಾಕು ಎಂದು ತಿಳಿಸಲು ಕಪ್ಪನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಬೇಕೆಂದು ಹೇಳಿಕೊಟ್ಟು, "ಇದಕ್ಕೇ ನಾನು ಒದ್ದಾಡುತ್ತಿರುವುದು" ಎಂದ. ಸುಟ್ಟ ಕೈ ಊದಿಕೊಳ್ಳುತ್ತ ನಾನೂ ಅವನ ಪಕ್ಷ ಸೇರಿದೆ.

ಗಾಡಿಯ ಎಂಜಿನ್ನಿಗೆ ಫ್ಯಾನಿನ ಗಾಳಿಯೇ ತಂಪು, ಅದೊಂದು ಪುಣ್ಯ. ಆದರೆ ರಬ್ಬರ್ ಪಟ್ಟಿ ಜಾರುವ ಪ್ಲಾಸ್ಟಿಕ್ ಹಳಿಗಳಿಗೆ ಹಿಮವೇ ತಂಪು. ಮರಳಿನಲ್ಲಿ ಒಂದು ಓಟಕ್ಕಿಂತ ಹೆಚ್ಚು ಅವು ತಾಳುವಂತಿರಲಿಲ್ಲ. ಅಂದರೆ ಸಿಗುವುದು ಒಂದೇ ಅವಕಾಶ, ಎಣ್ಣೆ ತಪ್ಪಬಾರದು. ಕೈಪಿಡಿ ಹೇಳುತ್ತಿದ್ದ ಎಣ್ಣೆ ಕೊರೆಯುವ ಚಳಿಯಲ್ಲೂ ಗಟ್ಟಿಯಾಗದಂಥದ್ದು. ನಮಗೆ ಗಟ್ಟಿಯಾಗುವ ಚಿಂತೆ ಇರಲಿಲ್ಲ, ನೀರಾಗುವ ಚಿಂತೆ. ತೀರ ತೆಳುವಾದರೆ ಮರಳಿನ ಭಾರಕ್ಕೆ ಸರಪಳಿಯ ಮೇಲಿನ ಎಣ್ಣೆಯ ಪದರ ಹರಿದುಹೋಗುತ್ತದೆ. ಲಾರಿಗೆ ಹಾಕುವಂಥ ಮಂದದ್ದಾದರೆ ಅದನ್ನು ಕಡೆಯುವುದರಲ್ಲೇ ಎಂಜಿನ್ನಿನ ಅರ್ಧ ಜೀವ ಹೋಗುತ್ತದೆ. ಉಡುಪಿ ಕಡೆಯ ನಮ್ಮ ಸ್ಟೋರ್‌ಕೀಪರು, "ಅದಕ್ಕೆ ಎಂಥ ತಲೆಬಿಸಿ ಮಾರಾಯ್ರೆ, ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆ ಹಾಕಿ, ಖಲಾಸ್" ಎಂದರು. ನನಗೆ ಮೈಯೆಲ್ಲ ಉರಿಯಿತು. ಎಣ್ಣೆಯನ್ನು ಬಣ್ಣ ನೋಡಿ ಆರಿಸುವುದಕ್ಕೆ ಅದೇನು ಸೀರೆಯೇ? ಬಿಸಿ ತಗಡಿನ ಮೇಲೆ ಹನಿ ಬಿಟ್ಟು, ಬೆರಳಲ್ಲಿ ಉಜ್ಜಿ, ಪುಸ್ತಕ ತಿರುವಿ, ಮನೆಯಲ್ಲಿ ಊಟದ ನಡುವೆಯೂ ಅದನ್ನೇ ಮಾತಾಡಿ, ಕೊನೆಗೆ ತೆಳುವೂ ಅಲ್ಲದ, ಮಂದವೂ ಅಲ್ಲದ ಎಪ್ಪತ್ತೈದು-ಡಬ್ಲ್ಯೂ-ತೊಂಬತ್ತರ ಸಿಂಥೆಟಿಕ್ ಗೇರ್ ಎಣ್ಣೆಯೇ ಸರಿ ಎಂದು ತೀರ್ಪು ಕೊಟ್ಟೆ. ಆ ತೀರ್ಪಿನ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ, ಮರಳು ಇನ್ನೂ ತಣ್ಣಗಿರುವಾಗ, ಹೋಳಿಗೆಯ ಡಬ್ಬಿ ಹಿಡಿದ ಹೆಂಡತಿಯೊಂದಿಗೆ ಮುದುಕರ ಮನೆಯಲ್ಲಿದ್ದೆ. ಹಳೆಯ ಎಣ್ಣೆ ಬಸಿದು ಹೊಸದನ್ನು ಹೊಯ್ದೆ. ಒಂದು ಚಹಾದ ಲೋಟದಷ್ಟು ಹೋಗುವುದರೊಳಗೆ ಅಳತೆ ಕಡ್ಡಿಯ ಗುರುತು ಮುಟ್ಟಿತು.

"ಇಷ್ಟ ಏನ್ರೀ?" ಎಂದಳು ಹೆಂಡತಿ. "ಅಷ್ಟ್ ದೊಡ್ಡ ಗಾಡಿಗೆ ದೀಪಕ್ಕ ಹಾಕಿದಂಗ ಹಾಕೀರಲ್ಲ! ಹಿರ್ಯಾರ ಕಣ್ಣಿನ ಮಾತೈತಿ. ಇನ್ನೊಂದ್ ಚೂರ್ ಬಿಡ್ರಿ."

ಹೆಚ್ಚಾಗಬಾರದೆಂದು ನನಗೆ ಗೊತ್ತಿತ್ತು. ಸ್ಥಾವರದಲ್ಲಿ ಹೊಸಬರಿಗೆ ಪಾಠ ಹೇಳುವಾಗ ಇದನ್ನೇ ಹೇಳುತ್ತಿದ್ದೆ. ಆದರೆ ಪಾಠ ಓದಿದ್ದು ತಲೆ, ಎಣ್ಣೆ ಹೊಯ್ಯುತ್ತಿದ್ದುದು ಕೈ. ಆ ಕೈ ಬೆಳೆದದ್ದು, "ಸಾಕು" ಅಂದ ಮೇಲೆ ಹಾಕಿದ್ದೇ ನಿಜವಾದ ಬಡಿಸುವಿಕೆ ಎಂದು ನಂಬಿದ ಮನೆಯಲ್ಲಿ. ಹೋಳಿಗೆಯ ಮೇಲೆ ಅಳತೆ ನೋಡಿ ತುಪ್ಪ ಬಿಟ್ಟವರನ್ನು ನಮ್ಮ ಊರಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಇನ್ನೊಂದು ಚೂರು ಬಿಟ್ಟೆ. ಚೈನ್‌ಕೇಸು ಬೇಡ ಅನ್ನಲಿಲ್ಲ. ಮತ್ತೊಂದು ಚೂರು ಬಿಟ್ಟೆ.

ಮುದುಕರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಗ ಬಿಳಿ ದಿಶ್‌ದಾಶಾ ನಿಲುವಂಗಿಯನ್ನು ಎತ್ತಿ ಕಟ್ಟಿ, ಹೆಲ್ಮೆಟ್ ಹಾಕಿ, "ಯಲ್ಲಾ!" ಎಂದು ಗಾಡಿ ಬಿಟ್ಟ. ಮರಳು ಚಿಮ್ಮಿಸುತ್ತ, ಗಂಟಲು ಹರಿದುಕೊಳ್ಳುತ್ತ ಅದು ಏರತೊಡಗಿತು. ಅರ್ಧದಲ್ಲಿ ಏದುಸಿರು ಬಿಟ್ಟಿತು, ಒಂದು ಗಳಿಗೆ ಹೂತಿತು, ಮತ್ತೆ ಹಿಡಿದುಕೊಂಡು ನೆತ್ತಿ ಮುಟ್ಟಿಯೇ ಬಿಟ್ಟಿತು. ನಾವು ಕೂಗಿದೆವು, ಕುಣಿದೆವು.

"ಹತ್ತಿತೇ?" ಎಂದು ಮುದುಕರು ತಮ್ಮ ಹಳೆಯ ಬೊಂಬಾಯಿ ಹಿಂದಿಯಲ್ಲಿ ಕೇಳಿದರು.

"ಹತ್ತಿತು ಚಾಚಾ, ಅಗೋ, ತುದಿಯಲ್ಲಿದೆ!"

ಅವರು ಕತ್ತೆತ್ತಿ ನಗುತ್ತ ನೋಡುತ್ತಿದ್ದರು. ನೋಡುತ್ತಿದ್ದುದು ದಿಬ್ಬವನ್ನಲ್ಲ, ನೀರಿನ ಟ್ಯಾಂಕನ್ನು. ಮಗ ತಮಗಾಗಿ ಗೆದ್ದದ್ದು ಅವರಿಗೆ ಕಾಣಲೇ ಇಲ್ಲ.

ಅದಕ್ಕೆ ಮರುಗುತ್ತ ನಿಲ್ಲಲು ಹೊತ್ತಿರಲಿಲ್ಲ, ಯಾಕೆಂದರೆ ಗಾಡಿ ಇಳಿಯತೊಡಗಿತ್ತು. ಹೆಚ್ಚಾದ ಎಣ್ಣೆ ಒಳಗೆ ಕಾದು, ನೊರೆಯೆದ್ದು, ಗಾಳಿ ಹೋಗುವ ತೂತಿನಿಂದ ಹೊರಬಂದು, ಪಕ್ಕದಲ್ಲೇ ಇದ್ದ ಬ್ರೇಕಿನ ತಟ್ಟೆಗೆ ಅಭ್ಯಂಜನ ಮಾಡಿಸಿತ್ತು. ಮಗ ಬ್ರೇಕ್ ಹಿಂಡುತ್ತಲೇ ಇದ್ದ, ಗಾಡಿ ಬರುತ್ತಲೇ ಇತ್ತು. ನಾನು ಒಂದು ಕಡೆ ಹಾರಿದೆ, ನನ್ನ ಹೆಂಡತಿ ಹೋಳಿಗೆ ಡಬ್ಬಿಯೊಂದಿಗೆ ಇನ್ನೊಂದು ಕಡೆ. ಕುರ್ಚಿಯ ಪಕ್ಕದಲ್ಲೇ ಹಾದು, ಖರ್ಜೂರದ ಗರಿಯ ಬೇಲಿ ಸೀಳಿ, ಒಂಟೆಗಳಿಗೆಂದು ಒಟ್ಟಿದ್ದ ಕುದುರೆಮಸಾಲೆ ಸೊಪ್ಪಿನ ರಾಶಿಯಲ್ಲಿ ಅದು ಹೊಕ್ಕು ನಿಂತಿತು. ಮಗ ಮೈಯೆಲ್ಲ ಹಸಿರಾಗಿ ಎದ್ದು ನಿಂತ. ಒಂದು ಒಂಟೆ ಸಾವಕಾಶವಾಗಿ ಬಂದು ಅವನ ಭುಜದ ಮೇಲಿನ ಸೊಪ್ಪು ತಿನ್ನತೊಡಗಿತು.

"ನಾ ಎಲ್ಲಿ ಅಷ್ಟ್ ಹಾಕ್ರಿ ಅಂದಿದ್ದೆ?" ಎಂದಳು ಹೆಂಡತಿ, ಯಾರೂ ಕೇಳುವ ಮೊದಲೇ.

ಮುದುಕರು ತಡವುತ್ತ ಬಂದು ಮಗನ ತಲೆ, ಕೈ, ಕಾಲು ಮುಟ್ಟಿ ನೋಡಿ, ಎಲ್ಲ ನೆಟ್ಟಗಿದೆಯೆಂದು ಖಾತ್ರಿಯಾದ ಮೇಲೆ ತಮ್ಮ ಬೆರಳು ಮೂಸಿದರು. "ಏನಿದು?"

"ಎಣ್ಣೆ ಚಾಚಾ. ಸ್ವಲ್ಪ ಹೆಚ್ಚಾಯಿತು. ಗಾಡಿ ಕಪ್ಪು ಅಲುಗಾಡಿಸಲಿಲ್ಲ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಲ್ಲದ ಗಾಡಿಯನ್ನು ಗೆದ್ದಿತೆಂದು ಒಪ್ಪುತ್ತಾರೋ ಇಲ್ಲವೋ ಎಂದು ಮಗ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಹತ್ತಲಿ ಎಂದಿದ್ದೆ, ಹತ್ತಿತು. ನಿಲ್ಲಲಿ ಎಂದು ನಾನೆಲ್ಲಿ ಹೇಳಿದ್ದೆ? ನಡಿ ಮಸ್ಕತ್ತಿಗೆ."

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಾವು ನೋಡಲು ಹೋದೆವು. ಮುದುಕರು ಅಂಗಳದಲ್ಲಿ ನಿಂತು ದಿಬ್ಬವನ್ನೇ ನೋಡುತ್ತಿದ್ದರು. "ಇಷ್ಟೇ ಎತ್ತರವಾ? ನನಗೆ ಮೋಸವಾಯಿತು!" ಎಂದು ಮಗನನ್ನು ಬೈದರು. ಆಮೇಲೆ ಒಳಗೆ ಕರೆದು ಕೂರಿಸಿ, ಕಹ್ವಾದ ಹೂಜಿಯನ್ನು ಎತ್ತರಕ್ಕೆ ಹಿಡಿದು, ಸಣ್ಣ ಧಾರೆಯಾಗಿ ನನ್ನ ಕಪ್ಪಿಗೆ ಬಿಟ್ಟರು. ಒಂದು ಹನಿ ಹೊರಗೆ ಬೀಳಲಿಲ್ಲ. ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಕುಡಿದು ಕಪ್ಪು ಚಾಚಿದೆ. ಮತ್ತೆ ಬಗ್ಗಿಸಿದರು. ಮತ್ತೆ ಕುಡಿದೆ, ಮತ್ತೆ ಚಾಚಿದೆ.

"ಸಾಕನ್ರೀ," ಎಂದು ಹೆಂಡತಿ ಮೊಣಕೈಯಿಂದ ತಿವಿದಳು. "ಕಪ್ ಅಲ್ಲಾಡಸ್ರೀ, ಮರತೀರೇನು?"

ಮರೆತಿರಲಿಲ್ಲ. ಕಪ್ಪನ್ನು ಅಲುಗದ ಹಾಗೆ ಹಿಡಿದು ಮತ್ತೊಮ್ಮೆ ಅವರ ಮುಂದೆ ಚಾಚಿದೆ.