ಬಲಗಡೆ ನಿಂತವರು

ಸತ್ತವರು ಕಾಣಿಸಿದರು, ಕರೆದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಮಾತು ಬದಲಿಸುತ್ತಿದ್ದೆ. ನಮ್ಮ ಧರ್ಮದಲ್ಲೂ ಅಂಥದ್ದಕ್ಕೆ ಜಾಗವಿಲ್ಲ. ಹೋದವರು ಹೋದರು, ಅವರ ವಿಚಾರ ಅಲ್ಲಾಹನಿಗೆ ಸೇರಿದ್ದು. ಈಗಲೂ ನಾನು ಹೀಗೇ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದಿನ ಆ ಒಂದು ಸಂಜೆ ನೆನಪಾದರೆ ದನಿ ಮೊದಲಿನಷ್ಟು ಗಟ್ಟಿಯಾಗಿ ಬರುವುದಿಲ್ಲ.

ನನ್ನ ಅಣ್ಣ ಟಿ. ದಾಸರಹಳ್ಳಿಯಲ್ಲಿ ಬೈಕ್ ರಿಪೇರಿ ಗ್ಯಾರೇಜ್ ಇಟ್ಟುಕೊಂಡಿದ್ದ. ಅಪ್ಪ ತೀರಿಹೋದ ಮೇಲೆ ನನ್ನನ್ನು ಓದಿಸಿ ಕನ್ನಡ ಮೇಷ್ಟ್ರು ಮಾಡಿದವನು ಅವನೇ. ಒಂದು ಮಧ್ಯಾಹ್ನ ಯಾವುದೋ ಬೈಕಿನ ಚೈನು ಬಿಗಿ ಮಾಡುತ್ತಾ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅವನನ್ನು ಮಣ್ಣು ಮಾಡಿ ಬಂದ ದಿನದಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಪಾಠ ಮಾಡುತ್ತಲೇ ಕಿಟಕಿಯ ಬಳಿ ಹೋಗಿ ನಿಂತುಬಿಡುತ್ತಿದ್ದೆ. ಕಾಲೇಜು ಮುಗಿದರೆ ಆರ್.ಟಿ. ನಗರದ ಮನೆಗೆ ಹೋಗದೆ, ಹೆಬ್ಬಾಳದ ಫ್ಲೈಓವರ್ ಹತ್ತಿ ಎಲ್ಲಿಗೆಂದಿಲ್ಲದೆ ಸ್ಕೂಟರ್ ಓಡಿಸುತ್ತಿದ್ದೆ. ಒಮ್ಮೆ ಹುಣಸಮಾರನಹಳ್ಳಿ, ಇನ್ನೊಮ್ಮೆ ರಾಜಾನುಕುಂಟೆ. ಅಲ್ಲಿ ಒಂದು ಟೀ ಕುಡಿದು ಮತ್ತೆ ವಾಪಸ್ಸು. "ಸಬರ್ ಮಾಡು, ತಾಳ್ಮೆ ತಂದ್ಕೋ" ಎನ್ನುವವರನ್ನು ಕಂಡರೆ ಮೈ ಉರಿಯುತ್ತಿತ್ತು. ನಮಾಜಿಗೆ ನಿಂತರೂ ಕಣ್ಣ ಮುಂದೆ ಗ್ಯಾರೇಜಿನ ನೆಲವೇ. ಅಣ್ಣನಿಗಾಗಿ ದುವಾ ಕೇಳಲು ಕೈ ಎತ್ತಿದರೆ ಮಾತೇ ಹೊರಡುತ್ತಿರಲಿಲ್ಲ.

ಆ ದಿನ ಯಲಹಂಕದಲ್ಲಿ ಟ್ರಾಫಿಕ್ ಅಲುಗಾಡದೆ ನಿಂತಿತ್ತು. ಪಕ್ಕದ ಗಲ್ಲಿಯಿಂದ ಸಂಜೆಯ ಅಸರ್ ನಮಾಜಿನ ಅಜಾನ್ ಕೇಳಿಸಿತು. ಭಕ್ತಿಗಿಂತ ಹೆಚ್ಚಾಗಿ ಆ ಹಾರ್ನುಗಳಿಂದ ತಪ್ಪಿಸಿಕೊಳ್ಳಲೆಂದೇ ಒಳಗೆ ಹೋದೆ. ಚಿಕ್ಕ ಮಸೀದಿ, ಸೇರಿದವರು ಒಂದು ಸಾಲಿಗೂ ಕಡಿಮೆ. ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದು ಸಾಲಿನ ಬಲತುದಿಯಲ್ಲಿ ನಿಂತೆ. ನನಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು.

ನಮಾಜು ಶುರುವಾದ ಸ್ವಲ್ಪ ಹೊತ್ತಿಗೆ ಯಾರೋ ಬಂದು ಆ ಜಾಗದಲ್ಲಿ ನಿಂತರು. ನಮಾಜಿನಲ್ಲಿ ಅತ್ತಿತ್ತ ನೋಡುವಂತಿಲ್ಲ, ನಾನೂ ನೋಡಲಿಲ್ಲ. ಅವರ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ಸೆಖೆಗೆ ನಾನು ಸ್ವಲ್ಪ ಸರಿದೆ. ಆ ಭುಜವೂ ಸರಿದು ಬಂತು. ಸಾಲಿನಲ್ಲಿ ಸಂದು ಬಿಡಬಾರದೆಂದು ಅಣ್ಣ ಹೀಗೇ ಮಾಡುತ್ತಿದ್ದ. ನಾನು ಸರಿದಷ್ಟೂ ಅವನು ಸರಿಯುತ್ತಿದ್ದ. ಚಿಕ್ಕವನಿದ್ದಾಗ ಇದೇ ನನಗೆ ನಗು ತರಿಸುತ್ತಿತ್ತು.

ಬಗ್ಗಿದಾಗಲೂ, ಹಣೆ ನೆಲಕ್ಕಿಟ್ಟಾಗಲೂ, ಮತ್ತೆ ಎದ್ದು ನಿಂತಾಗಲೂ ಆ ಭುಜ ನನ್ನ ಪಕ್ಕದಲ್ಲೇ ಇತ್ತು. ನಮಾಜಿನ ಕೊನೆಗೆ ಸಲಾಂ ಹೇಳಲು ಮುಖವನ್ನು ಮೊದಲು ಬಲಕ್ಕೆ ತಿರುಗಿಸಬೇಕು. ತಿರುಗಿಸಿದೆ. ಗೋಡೆ ಕಂಡಿತು, ಅಷ್ಟೇ.

ಎಡಕ್ಕಿದ್ದ ಮುದುಕರನ್ನು ಕೇಳಿದೆ. "ಚಾಚಾ, ನನ್ನ ಪಕ್ಕ ನಿಂತಿದ್ದವರು ಎದ್ದು ಹೋದ್ರಾ?"

"ಯಾರಪ್ಪಾ? ನೀನೇ ಅಲ್ವಾ ಕೊನೆ? ಗೋಡೆವರೆಗೂ ಖಾಲಿನೇ ಇತ್ತಲ್ಲ" ಎಂದರು. ನನ್ನ ಮುಖ ನೋಡಿ, "ನೀರು ಕುಡೀತೀಯಾ?" ಎಂದರು.

ನೀರು ಬೇಡವೆಂದು ಅಲ್ಲೇ ಕೂತೆ. ಕೈ ಎತ್ತಿದೆ. ಅಣ್ಣನನ್ನು ಕ್ಷಮಿಸು, ಅವನ ಗೋರಿಯನ್ನು ಬೆಳಗು ಎಂದು ಕೇಳತೊಡಗಿದವನಿಗೆ ಮಾತು ನಿಲ್ಲಲೇ ಇಲ್ಲ. ನಾವು ಅಲ್ಲಾಹನವರು, ಅವನಲ್ಲಿಗೇ ಮರಳುವವರು ಎಂಬ ಮಾತನ್ನು ಸಾವಿನ ಮನೆಯಲ್ಲಿ ಎಲ್ಲರ ಬಾಯಲ್ಲೂ ಕೇಳಿದ್ದೆ. ಅದನ್ನು ನಾನೇ ಮನಸಾರೆ ಹೇಳಿದ್ದು ಅಂದೇ ಮೊದಲು.

ಇಮಾಮರಿಗೆ ನಡೆದದ್ದು ಹೇಳಿದೆ. ಅವರು ಹುಡುಗ ವಯಸ್ಸಿನವರು, ನಗಲಿಲ್ಲ. "ಅದೇನು ಅಂತ ನಂಗೂ ಗೊತ್ತಿಲ್ಲ ಸಾರ್. ಅಣ್ಣನ್ನ ಹುಡುಕ್ಕೊಂಡು ಮಾತ್ರ ಇಲ್ಲಿಗೆ ಬರ್ಬೇಡಿ. ಅವರಿಗೋಸ್ಕರ ಕೇಳ್ಕೊಳ್ಳೋಕೆ ಬನ್ನಿ" ಎಂದರು.

ಆಮೇಲೆ ನಾನು ನಮಾಜು ಬಿಡಲಿಲ್ಲ. ರಾತ್ರಿ ನಿದ್ದೆ ಹತ್ತತೊಡಗಿತು, ಪಾಠದ ನಡುವೆ ಕಿಟಕಿಗೆ ಹೋಗುವುದು ನಿಂತಿತು. ಆದರೂ ಎಷ್ಟೋ ದಿನ ಸಾಲಿನ ತುದಿಯಲ್ಲೇ ಜಾಗ ಹುಡುಕುತ್ತಿದ್ದೆ. ಅಲ್ಲಾಹನ ಮುಂದೆ ನಿಲ್ಲಲು ಬಂದೆನೋ, ಆ ಭುಜಕ್ಕಾಗಿ ಬಂದೆನೋ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಅದು ಮತ್ತೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಭಾಬಿಗೆ, ಅಂದರೆ ಅಣ್ಣನ ಹೆಂಡತಿಗೆ, ಇದನ್ನೆಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದರು.

"ಬೆಚ್ಚಗಿತ್ತಾ?"

"ಹೌದು ಭಾಬಿ" ಎಂದೆ. ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಅಲ್‌ಹಮ್ದುಲಿಲ್ಲಾಹ್" ಎಂದು ನಿಟ್ಟುಸಿರು ಬಿಟ್ಟರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಅಣ್ಣ ಹೋದಮೇಲೆ ನೋಡಿರಲಿಲ್ಲ.

ಯೋಚಿಸದೆಯೇ ಹೌದೆಂದುಬಿಟ್ಟಿದ್ದೆ. ಆ ಭುಜದ ಒತ್ತು ನೆನಪಿದೆ, ಅದು ಸರಿದು ಬಂದದ್ದು ನೆನಪಿದೆ. ಬೆಚ್ಚಗಿತ್ತೋ ಇಲ್ಲವೋ, ಎಷ್ಟು ನೆನೆದರೂ ನನಗೆ ಗೊತ್ತಾಗುತ್ತಿಲ್ಲ.