ತನ್ನ ಹಸುವಿಗೂ ಕೊಂಬೂದಿದ ಅವಿಸ್

ಭಾನುವಾರ, ಸೂರ್ಯ ಇನ್ನೂ ಹುಟ್ಟಿಲ್ಲ. ಮಂಜು ಕವಿದ ಬಾರ್ಲಿ ಹೊಲದ ಅಂಚಿನಲ್ಲಿ ಅವಿಸ್ ಮುಳ್ಳುಕಂಟಿ ಎಳೆದು ಬೇಲಿಯ ಗಂಡಿ ಮುಚ್ಚುತ್ತಿದ್ದಾಳೆ. ಸೊಂಟದಲ್ಲಿ ಎತ್ತಿನ ಕೊಂಬು. ನನ್ನೊಡನೆ ಮಾತಾಡುವಾಗಲೂ ಅವಳ ಕಣ್ಣು ಹುಲ್ಲುಗಾವಲಿನ ಮೇಲೆಯೇ. "ನಿಂತ್ಕೊಂಡೇ ಕೇಳವ್ವಾ. ಕೂತ್ರೆ ಬಾರ್ಲಿ ಉಳಿಯಲ್ಲ."

ಬೇಲಿ ಕಾಯುವವರನ್ನು ನಾವು ಹೇವರ್ಡ್ ಎನ್ನುತ್ತೇವೆ. ಬೆಳೆಗೆ ನುಗ್ಗಿದ ತುಡುಗು ದನವನ್ನು ದೊಡ್ಡಿಗೆ ಹಾಕಿ, ಕೊಂಬೂದಿ ಊರಿಗೆ ಸಾರುವ ಕೆಲಸ. ಕೂಲಿಯಾಗಿ ಸಿಗುವ ತುಂಡು ನೆಲವೂ ಹುಲ್ಲುಗಾವಲಿಗೆ ಅಂಟಿಕೊಂಡೇ ಇರುತ್ತದೆ; ಕಾವಲು ತಪ್ಪಿದರೆ ದನದ ಬಾಯಿಗೆ ಮೊದಲು ಸಿಗುವುದು ಕಾವಲುಗಾರನ ಬೆಳೆ. ಹಿರಿಯರ ಜಾಣತನ! ಹೋದ ವರ್ಷದ ಮಹಾಮಾರಿಯಲ್ಲಿ ಹೇವರ್ಡ್ ಆಗಿದ್ದ ಗಂಡ ಗಿಲ್ಬರ್ಟ್ ತೀರಿಕೊಂಡಾಗ, ಬೇರೆ ಯಾರೂ ಮುಟ್ಟದ ಕೊಂಬನ್ನು ಅವಿಸ್ ಎತ್ತಿಕೊಂಡಳು. ಈಗ ಒಡೆಯರ ಹೊಲಗಳ ಮೇಲ್ವಿಚಾರಕ ಓಡೊ ಅದನ್ನು ತನ್ನ ಭಾವಮೈದುನನಿಗೆ ಕೊಡಿಸಲು ನೋಡುತ್ತಿದ್ದಾನೆ. ಇವತ್ತು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ತೀರ್ಮಾನ. ಕೊಂಬು ಹೋದರೆ ನೆಲವೂ ಹೋಯಿತು.

ಮಂಜಿನೊಳಗೆ ಮೇಯುವ ಸದ್ದು. ಅವಿಸ್ ಓಡುತ್ತಾಳೆ. ಅವಳ ತುಂಡನ್ನು ತುಳಿದು ದಾಟಿ, ಮುದುಕಿ ಗುನ್ನೋರಾಳ ಬಾರ್ಲಿಯಲ್ಲಿ ಕೆಂದ ಹಸುವೊಂದು ನಿಂತಿದೆ. ಗೂಟ ಕಿತ್ತುಕೊಂಡು ಬಂದ ಅವಿಸಳದೇ ಹಸು.

ಹಿಂದೆಯೇ ಓಡೊ. "ಬೇಲೀನೇ ಎದ್ದು ಹೊಲ ಮೇಯ್ತಲ್ಲೇ!" ಎಂದು ನಕ್ಕು ದನಿ ತಗ್ಗಿಸುತ್ತಾನೆ. "ಮನೆಗೆ ಹೊಡ್ಕೊಂಡು ಹೋಗು, ನಾನೇನೂ ನೋಡಿಲ್ಲ. ಕೊಂಬು ಮಾತ್ರ ನೀನಾಗೇ ಬಿಟ್ಕೊಡು."

ಅವಿಸ್ ಕೊಂಬೂದುತ್ತಾಳೆ. ಊರೆಲ್ಲ ಬಾಗಿಲಿಗೆ ಬರುತ್ತದೆ. ಎಲ್ಲರೆದುರೇ ಹಸುವನ್ನು ದೊಡ್ಡಿಗೆ ನೂಕಿ ಅಗಳಿ ಹಾಕುತ್ತಾಳೆ.

"ತನ್ನ ಹಸೂನ ಕಟ್ಟಕ್ಕಾಗದೋಳು ಊರು ಕಾಯ್ತಾಳಾ?" ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಓಡೊ ಕೇಳುತ್ತಾನೆ.

ಬೆಳೆ ಕಳೆದುಕೊಂಡ ಗುನ್ನೋರಾ ಊರುಗೋಲು ಕುಟ್ಟುತ್ತಾಳೆ. "ತನ್ನ ಹಸೂನೇ ಬಿಡದೋಳು ನಿನ್ನ ದನಾನ ಬಿಡ್ತಾಳಾ? ಅದೇ ತಾನೇ ಕಣೋ ನಿನ್ನ ಹೊಟ್ಟೆನೋವು?"

ಜನ ಗೊಳ್ಳೆಂದು ನಗುತ್ತಾರೆ. ಕೊಂಬು ಅವಿಸಳ ಸೊಂಟದಲ್ಲೇ ಉಳಿಯುತ್ತದೆ.

ಅವಳ ಮಗಳು ಸಿಸಿಲಿ ಎಂದೂ ಬೇಲಿ ಕಾದವಳಲ್ಲ. ಆದರೂ ಬಾವಿಕಟ್ಟೆಯ ಹೆಂಗಸರು ಅವಳನ್ನು "ಹೇವರ್ಡ್ ಸಿಸಿಲಿ" ಎಂದು ಹಂಗಿಸುತ್ತಿದ್ದರು. ಹುಡುಗಿ ಅಳುತ್ತ ಮನೆಗೆ ಬರುತ್ತಿದ್ದಳು. ಇವತ್ತು ಅಂಗಳದಲ್ಲಿ ಯಾರೋ ಹಾಗೇ ಕೂಗುತ್ತಾರೆ.

ನಿಮಗೇನು ಆಸೆ ಎಂದು ನಾನು ಕೇಳಿದಾಗ ಅವಿಸ್ ಆಗಲೇ ಹೊಲದ ಕಡೆ ಹೊರಟಿದ್ದಾಳೆ. "ಒಂದು ಹೊತ್ತಾದ್ರೂ ಕೂತು ಗಂಜಿ ಕುಡೀಬೇಕು ಕಣವ್ವಾ. ನಷ್ಟ ತೀರೋವರೆಗೂ ಹಾಲೆಲ್ಲ ಗುನ್ನೋರಜ್ಜಿಗೆ, ನಮಗೆ ಬರೀ ಗಂಜಿ. ಇರ್ಲಿ ಬಿಡು. ಇವತ್ತು 'ಹೇವರ್ಡ್ ಸಿಸಿಲಿ' ಅಂತ ಕರೆದಾಗ ನನ್ನ ಮಗಳು 'ಓ' ಅಂದ್ಳು, ಕೇಳಿದ್ಯಲ್ಲ?"